ಗೋಡೆಯ ಮೇಲಿನ ಟೈಂಟೇಬಲ್

ಜನವರಿ ಬಂತೆಂದರೆ ಹತ್ತನೇ ತರಗತಿಯ ಮಕ್ಕಳಿರುವ ಮನೆಗಳ ಗೋಡೆಗೆ ಒಂದು ಹೊಸ ಕಾಗದ ಅಂಟಿಕೊಳ್ಳುತ್ತದೆ. ಡ್ರಾಯಿಂಗ್ ಶೀಟಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದು, ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದ ಟೈಂಟೇಬಲ್. ಬೆಳಿಗ್ಗೆ 4ಕ್ಕೆ ಏಳುವುದು, 4.15ರಿಂದ 6ರವರೆಗೆ ಗಣಿತ, 6ರಿಂದ 7 ವಿಜ್ಞಾನ, ಕೊನೆಗೆ ರಾತ್ರಿ 11ಕ್ಕೆ ಮಲಗುವುದು. ಇದನ್ನು ತಯಾರಿಸಲು ಒಂದು ಭಾನುವಾರ ಪೂರ್ತಿ ಹಿಡಿಯುತ್ತದೆ. (ಆ ಭಾನುವಾರ ಓದು ನಡೆಯುವುದಿಲ್ಲವೆಂದು ಬೇರೆ ಹೇಳಬೇಕಿಲ್ಲ.) ಸೋಮವಾರ ಎಲ್ಲವೂ ಅದರಂತೆ ನಡೆಯುತ್ತದೆ, ಮಂಗಳವಾರ ಮುಕ್ಕಾಲು ಪಾಲು. ಗುರುವಾರದ ಹೊತ್ತಿಗೆ ಅದು ಗೋಡೆಯ ಅಲಂಕಾರ. ಅಲ್ಲಿಂದ ಮುಂದೆ ಅಪ್ಪ ಬೈಯುವಾಗ ಬೆರಳು ಮಾಡಿ ತೋರಿಸುವುದಕ್ಕೆ ಮಾತ್ರ ಅದರ ಉಪಯೋಗ.

ಮೂವತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ಇಂಥವನ್ನು ನೋಡಿ ನೋಡಿ ಒಂದು ಅನುಮಾನ ಬಲವಾಗಿದೆ. ದೋಷ ಮಕ್ಕಳ ಶಿಸ್ತಿನಲ್ಲಿ ಅಷ್ಟಾಗಿ ಇಲ್ಲ, ಟೈಂಟೇಬಲ್ ಹಾಕುವ ಕ್ರಮದಲ್ಲಿದೆ. ಪ್ರಯೋಗಶಾಲೆಯಲ್ಲಿ ಮೊದಲು ಅಳೆಯುತ್ತೇವೆ, ಆಮೇಲೆ ಲೆಕ್ಕ ಹಾಕುತ್ತೇವೆ. ಸಮಯದ ವಿಷಯದಲ್ಲಿ ಮಾತ್ರ ಎಷ್ಟಿದೆಯೆಂದು ಅಳೆಯದೆ ಹಂಚಲು ಹೊರಡುತ್ತೇವೆ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಕಥೆಯಲ್ಲಿ ದಿನದ 24 ಗಂಟೆಗಳ ವೇಳಾಪಟ್ಟಿಯೊಂದನ್ನು ಕೊಟ್ಟಿದ್ದಾನೆ. ಬೆಳಿಗ್ಗೆ 5ಕ್ಕೆ ಏಳುವುದು, ರಾತ್ರಿ 10ಕ್ಕೆ ಮಲಗುವುದು. ವ್ಯಕ್ತಿತ್ವ ವಿಕಸನದ ಭಾಷಣಕಾರರಿಗೆ ಇದು ಬಹಳ ಪ್ರಿಯ. ಆದರೆ ತಾನು ರೂಢಿಸಿಕೊಳ್ಳಹೊರಟ 13 ಗುಣಗಳಲ್ಲಿ ತನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಈ ಕ್ರಮಬದ್ಧತೆಯೇ ಎಂದು ಆತ ಅದೇ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾನೆ. ಆ ಮಾತನ್ನು ಭಾಷಣಗಳಲ್ಲಿ ನಾನಂತೂ ಕೇಳಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬರು ಮಗನನ್ನು ಕರೆದುಕೊಂಡು ನನ್ನ ಬಳಿ ಬಂದರು. "ಇವನಿಗೆ ಶಿಸ್ತು ಅನ್ನೋದೇ ಇಲ್ಲ ಸಾರ್, ನೀವೇ ಬುದ್ಧಿ ಹೇಳಿ" ಎಂದರು. ಹುಡುಗನನ್ನು ಕೇಳಿದರೆ "ದಿನಾ ಸಂಜೆ ನಾಲ್ಕು ಗಂಟೆ ಓದ್ತೀನಿ ಸಾರ್" ಎಂದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಒಂದು ರಫ್ ನೋಟ್‌ಬುಕ್ ಕೊಟ್ಟು, ಏಳು ದಿನ ಪ್ರತಿ ಅರ್ಧ ಗಂಟೆಗೊಮ್ಮೆ ನಿಜವಾಗಿ ಏನು ಮಾಡಿದೆ ಎಂದು ಬರೆದುಕೊಂಡು ಬಾ ಎಂದೆ. ಏನನ್ನೂ ಬದಲಾಯಿಸಬೇಡ, ರೀಡಿಂಗ್ ತಿದ್ದಿದರೆ ಗ್ರಾಫ್ ಸರಿ ಬರುವುದಿಲ್ಲ ಎಂದೂ ಎಚ್ಚರಿಸಿದೆ.

ಏಳು ದಿನದ ನಂತರ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಪುಸ್ತಕದ ಮುಂದೆ ಕೂತದ್ದು ನಾಲ್ಕು ಗಂಟೆಯೇ, ಓದಿದ್ದು ಸರಾಸರಿ ಒಂದು ಗಂಟೆ ಇಪ್ಪತ್ತು ನಿಮಿಷ. ಉಳಿದದ್ದು ಎಲ್ಲಿ ಹೋಯಿತು? ಕರಿಬೇವಿಗೆ ಒಮ್ಮೆ, ಹಾಲಿನ ಪ್ಯಾಕೆಟ್ಟಿಗೆ ಒಮ್ಮೆ ಅಂಗಡಿಗೆ ಓಟ. ತಂಗಿಗೆ ಲೆಕ್ಕ ಹೇಳಿಕೊಟ್ಟದ್ದು. "ಐದೇ ನಿಮಿಷ" ಎಂದು ಕೈಗೆತ್ತಿಕೊಂಡ ಮೊಬೈಲು ನಲವತ್ತು ನಿಮಿಷ. ಇನ್ನು ಅವನ ಮೇಜು ಇದ್ದದ್ದು ಹಾಲ್‌ನಲ್ಲಿ, ಅಲ್ಲಿ 7ರಿಂದ 9ರವರೆಗೆ ಟಿ.ವಿ. ಹುಡುಗ ಪ್ರಾಮಾಣಿಕ. "ಅಪ್ಪ ನ್ಯೂಸ್, ನಾನೂ ನೋಡಿದೆ" ಎಂದು ಮೂರು ದಿನ ಬರೆದಿದ್ದ. ಅಪ್ಪ ಆ ಪುಟಗಳನ್ನು ಓದಿ ಸುಮ್ಮನೆ ನೋಟ್‌ಬುಕ್ ಮುಚ್ಚಿದರು.

ಆಮೇಲೆ ಹಾಕಿದ ಟೈಂಟೇಬಲ್‌ನಲ್ಲಿ ಎರಡೇ ಸಾಲು ಇದ್ದವು. ಸಂಜೆ 6.30ರಿಂದ 8, ಬೆಳಿಗ್ಗೆ 6ರಿಂದ 7. ಆ ಹೊತ್ತಿನಲ್ಲಿ ಮನೆಯಲ್ಲಿ ಟಿ.ವಿ. ಇಲ್ಲ, ಅಂಗಡಿಗೆ ಓಡಿಸುವಂತಿಲ್ಲ, ಮೊಬೈಲು ಅಡುಗೆಮನೆಯ ಡಬ್ಬಿಗಳ ಹಿಂದೆ. ಉಳಿದ ಸಮಯ ಅವನದು. ಅವನಿಗೆ ರ‍್ಯಾಂಕ್ ಬಂತೇ ಎಂದು ಕೇಳಬೇಡಿ, ಬರಲಿಲ್ಲ. ಗಣಿತದಲ್ಲಿ ಫೇಲಾಗುತ್ತಿದ್ದವನು ಫಸ್ಟ್ ಕ್ಲಾಸಿನಲ್ಲಿ ಪಾಸಾದ.

ಎರಡೂವರೆ ಗಂಟೆ ಸಾಲುತ್ತದೆಯೇ ಎಂದು ಪೋಷಕರು ಕೇಳುತ್ತಾರೆ. ದಿನವೂ ತಪ್ಪದೆ ನಡೆದರೆ ನೀವೆಣಿಸುವುದಕ್ಕಿಂತ ಹೆಚ್ಚಾಗುತ್ತದೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ನೆನಪಿನಲ್ಲಿ ಉಳಿಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. 12 ಉಚ್ಚಾರಗಳ ಪಟ್ಟಿಯನ್ನು ಒಂದೇ ದಿನ 68 ಸಲ ಓದಿದ್ದರಿಂದ ಸಿಕ್ಕ ಪ್ರಯೋಜನ, ಮೂರು ದಿನಗಳಿಗೆ ಹಂಚಿ 38 ಸಲ ಓದಿದಾಗಲೇ ಸಿಕ್ಕಿತು. ಒಬ್ಬನೇ ಮನುಷ್ಯ ತನ್ನ ಮೇಲೆಯೇ ಮಾಡಿಕೊಂಡ ಪ್ರಯೋಗವೆಂದು ನೀವು ತಕರಾರು ತೆಗೆಯಬಹುದು. ತೆಗೆಯಲೇಬೇಕು, ಅದು ವಿಜ್ಞಾನದ ಲಕ್ಷಣ. ಆದರೆ ಆಮೇಲೆ ಬಂದ ಅನೇಕ ಪ್ರಯೋಗಗಳೂ ಹಂಚಿ ಓದುವುದರ ಪರವಾಗಿಯೇ ನಿಂತಿವೆ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕ ತಿರುವಿಹಾಕುವವನು ಆ 68ರ ದಾರಿ ಹಿಡಿದವನು.

ಇನ್ನು ನಾಲ್ಕು ಗಂಟೆಗೆ ಏಳುವ ವಿಷಯ. ಇದರಲ್ಲಿ ತಪ್ಪು ಮಾಡಿದವನು ನಾನೇ.

ಎಲ್ಲರ ಮನೆಗೂ ಮೊಬೈಲ್ ಬಂದ ಹೊಸತರಲ್ಲಿ ನನಗೆ ಬಹಳ ಉತ್ಸಾಹ. ಪರೀಕ್ಷೆಗೆ ಎರಡು ತಿಂಗಳಿರುವಾಗ ದಿನಾ ನಸುಕಿನ ನಾಲ್ಕಕ್ಕೆ ಎದ್ದು ಒಂದೊಂದು ಮನೆಗೂ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುತ್ತಿದ್ದೆ. ಊರಿನವರು ಹೊಗಳಿದರು, ನಾನೂ ಉಬ್ಬಿದೆ. ಪ್ರಿಪರೇಟರಿ ಪರೀಕ್ಷೆಯಲ್ಲಿ ವಿಜ್ಞಾನದ ದಿನ ನಾನೇ ಕೊಠಡಿಯಲ್ಲಿದ್ದೆ. ಮೊದಲ ಬೆಂಚಿನ ಹುಡುಗಿ ಉತ್ತರಪತ್ರಿಕೆಯ ಮೇಲೆ ತಲೆಯಿಟ್ಟಿದ್ದಳು. ಯೋಚಿಸುತ್ತಿದ್ದಾಳೆ ಎಂದುಕೊಂಡು ಸುಮ್ಮನಿದ್ದೆ. ಹತ್ತಿರ ಹೋಗಿ ನೋಡಿದರೆ ನಿದ್ದೆ. ಎಬ್ಬಿಸಿದಾಗ ಕೆನ್ನೆಯ ಮೇಲೆ ಶಾಯಿ ಹತ್ತಿತ್ತು. ಕೊನೆಯ ಎರಡು ಪುಟ ಖಾಲಿ ಬಿಟ್ಟು ಅಳುತ್ತಾ ಎದ್ದು ಹೋದಳು.

ಸಂಜೆ ವಿಚಾರಿಸಿದೆ. ತಾಯಿ ಹೂ ಕಟ್ಟಿ ಮಾರುವವರು. ರಾತ್ರಿ ಹನ್ನೊಂದೂವರೆಯವರೆಗೆ ಇವಳೂ ಜೊತೆಗೆ ಕೂತು ಸೇವಂತಿಗೆ ಕಟ್ಟುತ್ತಿದ್ದಳು. ಮಲಗಿದ ನಾಲ್ಕೂವರೆ ಗಂಟೆಗೆ ನನ್ನ ಫೋನು. "ಎತ್ತದೆ ಮಲಗಬಹುದಿತ್ತಲ್ಲಮ್ಮ" ಎಂದೆ. "ನೀವು ಫೋನ್ ಮಾಡ್ತೀರಲ್ಲ ಸಾರ್, ಏಳದೆ ಹೇಗಿರ್ಲಿ?" ಎಂದಳು. ಆ ಕೊಠಡಿಯಲ್ಲಿ ಅವಳಿಗಿಂತ ಶಿಸ್ತಿನವರು ಯಾರೂ ಇರಲಿಲ್ಲ.

1729ರಲ್ಲಿ ಫ್ರಾನ್ಸಿನ ಡಿ ಮೇರಾನ್ ಎಂಬ ಖಗೋಳಜ್ಞ, ನಮ್ಮ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಎಲೆಗಳು ಹಗಲಿನ ಹೊತ್ತಿಗೆ ಬಿಚ್ಚಿಕೊಂಡು ರಾತ್ರಿಯ ಹೊತ್ತಿಗೆ ಮುಚ್ಚಿಕೊಳ್ಳುತ್ತಿದ್ದವು. ಗಡಿಯಾರ ಗಿಡದ ಒಳಗೇ ಇತ್ತು. ನಮ್ಮೊಳಗೂ ಇದೆ. ಹಣ್ಣಿನ ನೊಣಗಳಲ್ಲಿ ಈ ಗಡಿಯಾರ ಹೇಗೆ ನಡೆಯುತ್ತದೆಂದು ತೋರಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ಹರೆಯದಲ್ಲಿ ಈ ಗಡಿಯಾರ ಸ್ವಲ್ಪ ಹಿಂದೆ ಬೀಳುತ್ತದೆ, ನಿದ್ದೆ ತಡವಾಗಿ ಬರುತ್ತದೆ. ಅದು ಸೋಮಾರಿತನವಲ್ಲ. 13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಅಕಾಡೆಮಿ 2016ರಲ್ಲಿ ಹೇಳಿದೆ. ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ನಾಲ್ಕಕ್ಕೆ ಏಳುತ್ತಿದ್ದ ನಮ್ಮ ಅಜ್ಜಂದಿರು ದೀಪದೆಣ್ಣೆ ಉಳಿಸಲು ಎಂಟಕ್ಕೇ ಮಲಗುತ್ತಿದ್ದರು. ಮಾತಿನ ಮೊದಲರ್ಧ ನಾವು ಉಳಿಸಿಕೊಂಡೆವು, ಕೊನೆಯರ್ಧ ಮರೆತೆವು.

ಹೂ ಕಟ್ಟಿಸಬೇಡಿ ಎಂದು ಆ ತಾಯಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಆ ಮನೆಯ ಅನ್ನ ಅದರಲ್ಲಿತ್ತು. ಅವರೇ ದಾರಿ ಹುಡುಕಿದರು. ಪರೀಕ್ಷೆ ಮುಗಿಯುವವರೆಗೆ ಪಕ್ಕದ ಮನೆಯವರನ್ನು ಜೊತೆಗೆ ಕೂರಿಸಿಕೊಳ್ಳುವುದು, ಹುಡುಗಿ ಶಾಲೆಯಿಂದ ಬಂದು ಒಂದೂವರೆ ಗಂಟೆ ಮಾತ್ರ ಕಟ್ಟುವುದು. ನಾಲ್ಕು ಗಂಟೆಯ ಫೋನುಗಳನ್ನು ನಾನು ಅಲ್ಲಿಗೆ ನಿಲ್ಲಿಸಿದೆ.

ಈಗಲೂ ಜನವರಿ ಬಂದರೆ ಮಕ್ಕಳ ಮನೆಗಳಿಗೆ ಫೋನ್ ಮಾಡುತ್ತೇನೆ, ರಾತ್ರಿ ಒಂಬತ್ತೂವರೆಗೆ. ಮಗು ಮಲಗಿತೇ ಎಂದು ಕೇಳುತ್ತೇನೆ. ಕೆಲವು ಮನೆಗಳಲ್ಲಿ ಹಿಂದಿನಿಂದ ಟಿ.ವಿ.ಯ ಸದ್ದು ಕೇಳುತ್ತದೆ. "ಒಂದು ನಿಮಿಷ ಸಾರ್" ಎನ್ನುತ್ತಾರೆ, ಸದ್ದು ನಿಲ್ಲುತ್ತದೆ.