ಮಾದರಿ ಹಡಗಿನ ಪಾಠ

ಬಿಡುವಿನ ವೇಳೆಯನ್ನು ಸಾರ್ಥಕಪಡಿಸಿಕೊಳ್ಳಲು ಮನುಷ್ಯನು ಕಂಡುಕೊಂಡ ಹವ್ಯಾಸಗಳು ಹಲವು. ಅಂಚೆಚೀಟಿ ಸಂಗ್ರಹಿಸುವವರುಂಟು, ಹಕ್ಕಿಗಳನ್ನು ನೋಡುತ್ತ ಅಲೆಯುವವರುಂಟು, ಹೂದೋಟ ಬೆಳೆಸುವವರುಂಟು. ಇವುಗಳ ಸಾಲಿಗೆ ಸೇರಬೇಕಾದ, ಆದರೆ ನಮ್ಮ ನಾಡಿನಲ್ಲಿ ಅಷ್ಟಾಗಿ ಬಳಕೆಗೆ ಬಾರದ ಹವ್ಯಾಸವೊಂದಿದೆ. ಮರದ ಮಾದರಿ ಹಡಗುಗಳನ್ನು ಕಟ್ಟುವುದೇ ಆ ಹವ್ಯಾಸ. ನಿಜವಾದ ಹಡಗಿನ ಅಳತೆಗಳನ್ನು ಒಂದು ನಿಶ್ಚಿತ ಪ್ರಮಾಣದಲ್ಲಿ ಕುಗ್ಗಿಸಿ, ಅದರ ಅಂಗಗಳನ್ನು ಮರದಲ್ಲಿ ಕತ್ತರಿಸಿ ಜೋಡಿಸಿ, ಮೇಜಿನ ಮೇಲಿಡಬಹುದಾದ ಹಡಗೊಂದನ್ನು ಕಟ್ಟುವ ಕೆಲಸವಿದು. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವವರೇ ಹೆಚ್ಚು. ನನ್ನ ಅಭಿಪ್ರಾಯ ಬೇರೆ. ಇದು ಆಟವಲ್ಲ, ವಿದ್ಯೆ. ವಿದ್ಯೆಯಾದುದರಿಂದಲೇ ಇದನ್ನೂ ಅಕ್ಷರಾಭ್ಯಾಸದಿಂದ ಆರಂಭಿಸಬೇಕು.

ಮಾದರಿ ಹಡಗಿನ ಇತಿಹಾಸವನ್ನು ನೋಡಿದರೆ ಈ ಮಾತಿಗೆ ಆಧಾರ ದೊರೆಯುತ್ತದೆ. 17ನೆಯ ಶತಮಾನದ ನಡುಭಾಗದಿಂದ ಇಂಗ್ಲೆಂಡಿನಲ್ಲಿ ಯುದ್ಧನೌಕೆಗಳ ಮಾದರಿಗಳನ್ನು ಬಹು ನಿಖರವಾಗಿ ಮಾಡುವ ಪದ್ಧತಿ ಬೆಳೆಯಿತು. ಹಡಗಿನ ಒಂದು ಅಡಿಗೆ ಮಾದರಿಯಲ್ಲಿ ಕಾಲು ಅಂಗುಲ, ಎಂದರೆ 48ಕ್ಕೆ 1, ಎಂಬುದು ಅವುಗಳಲ್ಲಿ ಹೆಚ್ಚಿನವುಗಳ ಪ್ರಮಾಣ. ಒಳಗಿನ ಪಕ್ಕೆಲುಬುಗಳಂತಹ ಮರಗಳು ಕಾಣುವಂತೆ ಹಲವು ಮಾದರಿಗಳ ಕೆಳಭಾಗಕ್ಕೆ ಹಲಗೆ ಹೊದಿಸದೆ ಬಿಡುತ್ತಿದ್ದರು. ಗ್ರೀನಿಚ್ಚಿನ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದಲ್ಲಿ ಅಂತಹ ಮಾದರಿಗಳನ್ನು ಇಂದಿಗೂ ಕಾಣಬಹುದು.

ಆ ಕಾಲದಲ್ಲಿ ಸ್ಯಾಮ್ಯುಯಲ್ ಪೀಪ್ಸ್ ಎಂಬವನು ಇಂಗ್ಲೆಂಡಿನ ನೌಕಾಮಂಡಲಿಯ ಅಧಿಕಾರಿಯಾಗಿದ್ದನು. ಅಧಿಕಾರ ಕೈಗೆ ಬಂದಾಗ ಅವನಿಗೆ ಹಡಗಿನ ವಿಷಯ ಹೆಚ್ಚೇನೂ ತಿಳಿದಿರಲಿಲ್ಲ. 1662ರಲ್ಲಿ, ತನ್ನ 29ನೆಯ ವಯಸ್ಸಿನಲ್ಲಿ, ಅವನು ಒಬ್ಬ ನಾವಿಕನನ್ನು ಗುರುವಾಗಿ ಮಾಡಿಕೊಂಡನು. ಮೊದಲು ಅವನಿಂದ ಮಗ್ಗಿಯನ್ನು ಕಲಿತನು. ಅನಂತರ ಕಚೇರಿಯಲ್ಲಿದ್ದ ಮಾದರಿ ಹಡಗೊಂದನ್ನು ಎದುರಿಗಿಟ್ಟುಕೊಂಡು ಹಡಗಿನ ಒಂದೊಂದು ಅಂಗದ ಹೆಸರನ್ನೂ ಉಪಯೋಗವನ್ನೂ ತಿಳಿದುಕೊಂಡನು. ಇದನ್ನೆಲ್ಲ ಅವನು ತನ್ನ ದಿನಚರಿಯಲ್ಲಿ ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ. ಮುಂದೆ ಆ ದೇಶದ ನೌಕಾಡಳಿತವನ್ನು ಸುಧಾರಿಸಿದವನೆಂದು ಹೆಸರಾದವನು ಇವನೇ. ಉನ್ನತ ಹುದ್ದೆಯಲ್ಲಿದ್ದವನು ಮಗ್ಗಿ ಕಲಿಯಲು ನಾಚಲಿಲ್ಲ. ಮಾದರಿಯನ್ನು ಆಟಿಕೆಯೆಂದು ಬಗೆಯಲೂ ಇಲ್ಲ.

ಅಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. ಅಜಂತೆಯ ಗುಹೆಯಲ್ಲಿರುವ 5ನೆಯ ಶತಮಾನದ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಹಾಯಿಹಡಗೊಂದನ್ನು ಗೋವೆಯಲ್ಲಿ ಕಟ್ಟಿದರು. ‘ಕೌಂಡಿನ್ಯ’ ಎಂಬ ಆ ಹಡಗನ್ನು 2025ರ ಮೇ ತಿಂಗಳಿನಲ್ಲಿ ನಮ್ಮ ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿಸಲಾಯಿತು. ಅಂತಹ ಹಡಗಿನ ನಕ್ಷೆಯಾಗಲಿ ಅಳತೆಯಾಗಲಿ ಎಲ್ಲಿಯೂ ಉಳಿದಿರಲಿಲ್ಲ. ಆದುದರಿಂದ ಅದು ನೀರಿನಲ್ಲಿ ಹೇಗೆ ನಡೆದುಕೊಳ್ಳುವುದೆಂಬುದನ್ನು ತಿಳಿಯಲು ಮದರಾಸಿನ ಐ.ಐ.ಟಿ.ಯಲ್ಲಿ ಮಾದರಿಯನ್ನಿಟ್ಟು ಪರೀಕ್ಷಿಸಿದರು. ಮಾದರಿ ಎಂಬುದು ಇಂದಿಗೂ ತಿಳಿವಳಿಕೆಯ ಸಾಧನವೇ ಆಗಿದೆ.

ಇನ್ನು ಹವ್ಯಾಸಿಯ ವಿಚಾರಕ್ಕೆ ಬರೋಣ. ಹೊಸದಾಗಿ ಈ ಕೆಲಸಕ್ಕೆ ತೊಡಗುವವರಲ್ಲಿ ಬಹುಮಂದಿ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾರೆ. ಅವರ ಕಣ್ಣು ಬೀಳುವುದು ‘ವಿಕ್ಟರಿ’ಯಂತಹ ಹಡಗಿನ ಮೇಲೆ. 1765ರಲ್ಲಿ ನೀರಿಗಿಳಿದ, 1805ರ ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್ನನನ್ನು ಹೊತ್ತಿದ್ದ, ಮೂರು ಕೂವೆಮರಗಳ, ನೂರು ಫಿರಂಗಿಗಳ ಹಡಗದು. ಅದರ ಫಿರಂಗಿ ಅಟ್ಟದ ಉದ್ದವೇ 186 ಅಡಿ. 48ಕ್ಕೆ 1ರಂತೆ ಕುಗ್ಗಿಸಿದರೂ ಆ ಅಟ್ಟವೊಂದೇ ನಾಲ್ಕು ಅಡಿಯಷ್ಟಾಗುತ್ತದೆ! ಉತ್ಸಾಹದಿಂದ ಇದನ್ನು ಕೈಗೆತ್ತಿಕೊಂಡವನು ಕೆಲವು ತಿಂಗಳಲ್ಲಿ ಸೋತು ಕೈಬಿಡುತ್ತಾನೆ. ಅರೆಬರೆಯಾದ ಹಡಗು ಅಟ್ಟ ಸೇರುತ್ತದೆ. ನಷ್ಟವಾದುದು ಮರವಷ್ಟೇ ಅಲ್ಲ. ‘ಇದು ನನ್ನ ಕೈಯಲ್ಲಿ ಆಗದ ಕೆಲಸ’ ಎಂಬ ಭಾವನೆ ಅವನ ಮನಸ್ಸಿನಲ್ಲಿ ಬೇರೂರುತ್ತದೆ. ಸೋಲಿಗೆ ಕಾರಣ ಕೈಯಲ್ಲ, ಆಯ್ಕೆ ಎಂಬುದು ಅವನಿಗೆ ಹೊಳೆಯುವುದೇ ಇಲ್ಲ.

ಆದುದರಿಂದ ಮೊದಲ ಹಡಗು ಹಡಗೇ ಆಗಿರಬಾರದು, ದೋಣಿಯಾಗಿರಬೇಕು. ಅಮೆರಿಕದ ಈಶಾನ್ಯ ಕರಾವಳಿಯ ಬೆಸ್ತರು ‘ಡೋರಿ’ ಎಂಬ ಚಪ್ಪಟೆ ತಳದ ದೋಣಿಗಳನ್ನು ಬಳಸುತ್ತಿದ್ದರು. ಒಳಗಿನ ಅಡ್ಡಮಣೆಗಳನ್ನು ತೆಗೆದು ಬಟ್ಟಲಿನೊಳಗೊಂದು ಬಟ್ಟಲಿಟ್ಟಂತೆ ಅವುಗಳನ್ನು ದೊಡ್ಡ ಹಡಗಿನ ಮೇಲೆ ಜೋಡಿಸಿಕೊಂಡು ಕಡಲಿಗೆ ಹೋಗುತ್ತಿದ್ದರು. ತಳ ಚಪ್ಪಟೆ, ಪಕ್ಕಗಳಿಗೆ ಅಗಲವಾದ ಕೆಲವೇ ಹಲಗೆಗಳು. ಅಕ್ಷರಾಭ್ಯಾಸಕ್ಕೆ ಇಷ್ಟು ಸಾಕು. ದೋಣಿಯನ್ನು ಪೂರ್ತಿ ಮುಗಿಸಿದವನು ಒಂಟಿ ಕೂವೆಮರದ ಹಡಗಿಗೆ ಕೈಹಾಕಲಿ. ಮೂರು ಕೂವೆಮರಗಳು ಆಮೇಲೆ ತಾವಾಗಿಯೇ ಬರುತ್ತವೆ.

ಹಡಗಿನ ಒಡಲನ್ನು ಕಟ್ಟುವ ಬಗೆಯನ್ನು ಸ್ವಲ್ಪ ನೋಡೋಣ. ಬೆನ್ನುಮೂಳೆಯಂತೆ ಉದ್ದಕ್ಕೂ ಒಂದು ಅಡಿಮರ. ಅದಕ್ಕೆ ಅಡ್ಡಲಾಗಿ ಪಕ್ಕೆಲುಬುಗಳಂತೆ ಹಲವು ಚೌಕಟ್ಟುಗಳು. ಇವು ಅಡಿಮರಕ್ಕೆ ಲಂಬವಾಗಿ ನಿಂತಿವೆಯೇ ಎಂದು ಮೂಲೆಮಟ್ಟ ಹಿಡಿದು ನೋಡಬೇಕು. ಅನಂತರ ತೆಳುವಾದ ಮರದ ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಬಿಸಿಯಿಂದ ಬಗ್ಗಿಸಿ, ಒಣಗಿದ ಮೇಲೆ ಅಂಟಿಸಬೇಕು. ಅಂಟು ಹಿಡಿಯುವವರೆಗೆ ಒತ್ತಿ ಹಿಡಿಯಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ಸಾಕು.

ಇಲ್ಲಿ ಗಣಿತವು ತಾನಾಗಿಯೇ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ. ಹಡಗಿನ ಒಡಲು ನಡುವೆ ತುಂಬಿಕೊಂಡು ತುದಿಗಳಲ್ಲಿ ಕಿರಿದಾಗುತ್ತದೆ. ಒಂದು ಪಕ್ಕದಲ್ಲಿ ಹೊದಿಸಬೇಕಾದ ಜಾಗ ನಡುವೆ 50 ಮಿಲಿಮೀಟರ್, ಮುಂತುದಿಯಲ್ಲಿ 30 ಮಿಲಿಮೀಟರ್ ಎಂದುಕೊಳ್ಳಿ. 5 ಮಿಲಿಮೀಟರ್ ಅಗಲದ ಹತ್ತು ಪಟ್ಟಿಗಳು ನಡುವೆ ಸರಿಯಾಗಿ ಕೂರುತ್ತವೆ. ಆದರೆ ಮುಂತುದಿಯಲ್ಲಿ ಅದೇ ಹತ್ತು ಪಟ್ಟಿಗಳು ಹಿಡಿಸಬೇಕಾದರೆ ಪ್ರತಿಯೊಂದನ್ನೂ ಅಲ್ಲಿ 3 ಮಿಲಿಮೀಟರಿಗೆ ಸವರಿ ಕಿರಿದುಗೊಳಿಸಬೇಕು. ಅನುಪಾತದ ಲೆಕ್ಕವನ್ನು ಪರೀಕ್ಷೆಗಾಗಿ ಕಲಿತವನು ಮರೆಯಬಹುದು. ಹೀಗೆ ಕಲಿತವನು ಮರೆಯಲಾರನು. ಏಕೆಂದರೆ ಇಲ್ಲಿ ತಪ್ಪನ್ನು ತೋರಿಸುವುದು ಕೆಂಪು ಶಾಯಿಯಲ್ಲ, ಕೂರದೆ ಮೇಲಕ್ಕೇಳುವ ಪಟ್ಟಿಯೇ.

ಪಟ್ಟಿಗಳನ್ನು ಎಡಕ್ಕೊಂದು ಬಲಕ್ಕೊಂದು ಎಂಬಂತೆ ಅಂಟಿಸುತ್ತ ಹೋಗಬೇಕೆಂಬುದು ಈ ಕೆಲಸದ ಮತ್ತೊಂದು ನಿಯಮ. ಒಂದು ಪಕ್ಕವನ್ನೇ ಮೊದಲು ಮುಗಿಸಿದರೆ ಅದರ ಎಳೆತಕ್ಕೆ ಅಡಿಮರ ತಿರುಚಿಕೊಳ್ಳಬಹುದು. ಎರಡು ಪಕ್ಕಗಳು ಸಮನಾಗುವುದು ಮಹಾ ಶಿಲ್ಪಿಗಳಿಗೂ ಸುಲಭವಲ್ಲ. ಸ್ವೀಡನ್ನಿನ ‘ವಾಸಾ’ ಎಂಬ ಯುದ್ಧನೌಕೆ 1628ರಲ್ಲಿ ತನ್ನ ಮೊದಲ ಯಾನದಲ್ಲಿಯೇ ಬಂದರು ದಾಟುವ ಮುನ್ನ ಮುಳುಗಿತು. ಮೇಲ್ಭಾಗದ ಭಾರ ಅತಿಯಾದುದೇ ಅದಕ್ಕೆ ಮುಖ್ಯ ಕಾರಣ. 1961ರಲ್ಲಿ ಅದನ್ನು ಮೇಲೆತ್ತಿದ ಬಳಿಕ ಅಳೆದು ನೋಡಿದಾಗ, ಅದರ ಎಡ ಬಲಗಳು ಸಮನಾಗಿಲ್ಲವೆಂಬುದೂ ತಿಳಿಯಿತು. ಹಡಗಿನಲ್ಲಿ ಬಡಗಿಗಳ ಅಳತೆಗೋಲುಗಳು ಸಿಕ್ಕಿದವು. ಅವುಗಳಲ್ಲಿ ಕೆಲವು 12 ಅಂಗುಲಗಳ ಸ್ವೀಡನ್ನಿನ ಅಡಿಗೋಲುಗಳು, ಕೆಲವು 11 ಅಂಗುಲಗಳ ಆಮ್‌ಸ್ಟರ್‌ಡಾಮಿನ ಅಡಿಗೋಲುಗಳು! ಒಂದೇ ಕೆಲಸದಲ್ಲಿ ಎರಡು ಅಳತೆಗಳು ಸೇರಬಾರದೆಂಬ ಪಾಠಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

‘ಇದಕ್ಕೆಲ್ಲ ಹಣ ಬೇಕಲ್ಲವೆ?’ ಎಂದು ಕೇಳುವವರುಂಟು. ಯಂತ್ರದಲ್ಲಿ ಕತ್ತರಿಸಿದ ಭಾಗಗಳ ಪೆಟ್ಟಿಗೆಗಳು ಹೊರದೇಶಗಳಿಂದ ಬರುವುದುಂಟು. ಅವು ದುಬಾರಿಯೆಂಬುದು ನಿಜ. ಆದರೆ ಈ ವಿದ್ಯೆಗೆ ಅವು ಅನಿವಾರ್ಯವಲ್ಲ. ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ಸೆರೆಸಿಕ್ಕ ಫ್ರೆಂಚ್ ಸೈನಿಕರನ್ನೂ ನಾವಿಕರನ್ನೂ ಇಂಗ್ಲೆಂಡಿನ ನಾರ್ಮನ್ ಕ್ರಾಸ್ ಎಂಬಲ್ಲಿ ಇರಿಸಿದ್ದರು. ಅವರು ತಮ್ಮ ಊಟದ ಮಾಂಸದಲ್ಲಿ ಉಳಿದ ಮೂಳೆಗಳನ್ನು ಶುಚಿಮಾಡಿ, ಕೊರೆದು, ಸೊಗಸಾದ ಮಾದರಿ ಹಡಗುಗಳನ್ನು ಕಟ್ಟಿ ಮಾರುತ್ತಿದ್ದರು. ಸೆರೆಮನೆಯ ಮೂಳೆಯೇ ಹಡಗಾಗಬಹುದಾದರೆ, ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರದಂತಹ ಮೆದುಮರಗಳಿರುವ ನಾಡಿನಲ್ಲಿ ಕೊರತೆ ಯಾವುದು? ಒಂದು ಚೂರಿ, ಒಂದು ಸಣ್ಣ ಗರಗಸ, ಮರಳುಕಾಗದ, ಅಂಟು, ಅಳತೆಪಟ್ಟಿ ಇಷ್ಟಿದ್ದರೆ ದೋಣಿಯೊಂದು ಸಿದ್ಧವಾದೀತು.

‘ಓದುವ ಮಕ್ಕಳಿಗೆ ಇದೆಲ್ಲ ಏಕೆ?’ ಎಂಬುದು ಇನ್ನೊಂದು ಆಕ್ಷೇಪ. ಹಣದ ಮಾತಿಗಿಂತ ಇದು ಹೆಚ್ಚು ಗಂಭೀರವಾದುದು. ಕಾಯಕಕ್ಕೆ ಗೌರವ ಕೊಟ್ಟ ನಾಡು ನಮ್ಮದೆಂದು ಹೇಳಿಕೊಳ್ಳುತ್ತೇವೆ. ಆದರೂ ಮಗನೋ ಮಗಳೋ ಉಳಿ ಹಿಡಿದರೆ ಅಂಕಗಳು ಕಡಮೆಯಾದಾವೆಂದು ಹೆದರುತ್ತೇವೆ. ನಾನು ಮೂರು ದಶಕಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ನಿಂತವನು. ಓದಿದ್ದನ್ನು ಒಪ್ಪಿಸಬಲ್ಲ ಮಕ್ಕಳು ಅನೇಕರಿದ್ದರು. ಮಾಡಿದ್ದು ಕೆಟ್ಟಾಗ ಎದೆಗುಂದದೆ ಅದನ್ನು ಬಿಚ್ಚಿ ಮತ್ತೆ ಮಾಡಬಲ್ಲವರು ವಿರಳ. ಮಾದರಿ ಹಡಗು ಕಲಿಸುವುದು ಈ ಎರಡನೆಯ ಗುಣವನ್ನು. ವಕ್ರವಾದ ಪಟ್ಟಿಯನ್ನು ಬಿಡಿಸಿ ಮತ್ತೆ ಅಂಟಿಸಬಹುದು. ಹಾಗೆಯೇ ಬಿಟ್ಟು ಮುಂದುವರಿದರೆ ಆ ವಕ್ರತೆ ಮೇಲಿನ ಪಟ್ಟಿಗಳಿಗೂ ಹರಡುತ್ತದೆ. ಎನ್.ಸಿ.ಸಿ.ಯ ನೌಕಾವಿಭಾಗದಲ್ಲಿ ಹಡಗಿನ ಮಾದರಿ ಕಟ್ಟುವುದನ್ನು ತರಬೇತಿಯ ಭಾಗವಾಗಿಸಿರುವುದು ಉಚಿತವಾಗಿಯೇ ಇದೆ. ಸಮುದ್ರವನ್ನು ಕಾಣದ ಒಳನಾಡಿನ ಶಾಲೆಗಳಲ್ಲಿಯೂ ವಾರಕ್ಕೊಂದು ಗಂಟೆಯನ್ನು ಇಂತಹ ಕೈಗೆಲಸಕ್ಕೆ ಮೀಸಲಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ತಾಳ್ಮೆಯೆಂದರೆ ಸುಮ್ಮನೆ ಕಾಯುವುದಲ್ಲ. ಅಂಟು ಒಣಗುವವರೆಗೆ ಕೈತಡೆದು ನಿಲ್ಲುವುದು, ಒಣಗಿದ ಮೇಲೆ ಮತ್ತೊಮ್ಮೆ ಅಳೆದು ನೋಡುವುದು, ತಪ್ಪಿದ್ದರೆ ತಿದ್ದುವುದು, ಆಮೇಲೆ ಮುಂದಿನ ಪಟ್ಟಿಯನ್ನು ಕೈಗೆತ್ತಿಕೊಳ್ಳುವುದು. ಅರ್ಧಕ್ಕೆ ನಿಂತ ನೂರು ಫಿರಂಗಿಗಳ ಹಡಗಿಗಿಂತ ಪೂರ್ತಿಯಾದ ಒಂದು ಗೇಣುದ್ದದ ದೋಣಿ ಮೇಲು. ವಿದ್ಯಾರ್ಥಿಗಳಾದ ನೀವು ಕೈಹಾಕುವ ಯಾವ ಕೆಲಸಕ್ಕಾದರೂ ಈ ಮಾತು ಸಲ್ಲುತ್ತದೆ.