ಅಮೆರಿಕದ ಕುಟುಂಬ ವೀಸಾ ಅರ್ಜಿ ತಿರಸ್ಕಾರವಾದರೆ: ಹೊಸ ಅರ್ಜಿಯೋ, ಮೇಲ್ಮನವಿಯೋ?

ಅಮೆರಿಕದ ಪೌರತ್ವ ಪಡೆದ ನಮ್ಮ ಕರಾವಳಿಯವರು ಊರಿನಲ್ಲಿರುವ ಸಂಗಾತಿ, ಹೆತ್ತವರು ಅಥವಾ ಒಡಹುಟ್ಟಿದವರನ್ನು ಕರೆಸಿಕೊಳ್ಳಲು ಮೊದಲು ಸಲ್ಲಿಸಬೇಕಾದದ್ದು ಐ-130 ಎಂಬ ಅರ್ಜಿ. ಅದು ತಿರಸ್ಕೃತವಾದರೆ "ಹೋಗಲಿ, ಇನ್ನೊಮ್ಮೆ ಹಾಕಿದರಾಯಿತು" ಎನ್ನುವವರಿದ್ದಾರೆ. ಈ ಮಾತು ಕೆಲವರಿಗೆ ಸರಿ, ಕೆಲವರಿಗೆ ಇಪ್ಪತ್ತು ವರ್ಷಗಳ ನಷ್ಟ.

ಪೌರರ ಸಂಗಾತಿ ಮತ್ತು ಹೆತ್ತವರಿಗೆ ವಾರ್ಷಿಕ ಮಿತಿಯಿಲ್ಲ. ಕೊರತೆಯಿದ್ದ ದಾಖಲೆಯನ್ನು ಸೇರಿಸಿ ಹೊಸ ಅರ್ಜಿ ಹಾಕುವುದೇ ಅವರಿಗೆ ಬೇಗನೆ ಆಗುವ ಕೆಲಸ. ಒಡಹುಟ್ಟಿದವರ ವಿಷಯ ಬೇರೆ. ಇಡೀ ಜಗತ್ತಿಗೆ ವರ್ಷಕ್ಕೆ 65,000 ವೀಸಾ ಮಾತ್ರ. 2025ರ ಅಕ್ಟೋಬರಿನಲ್ಲಿ ಭಾರತದವರ ಪೈಕಿ 2006ರಲ್ಲಿ ಅರ್ಜಿ ಹಾಕಿದವರ ಸರದಿ ನಡೆಯುತ್ತಿತ್ತು. ಇಂಥವರು ಹೊಸ ಅರ್ಜಿ ಹಾಕಿದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಮೇಲ್ಮನವಿಯಲ್ಲಿ ಗೆದ್ದರೆ ಹಳೆಯ ದಿನಾಂಕ ಉಳಿಯುತ್ತದೆ.

ಮೇಲ್ಮನವಿಯನ್ನು ಕೇಳುವುದು ವಲಸೆ ಮೇಲ್ಮನವಿ ಮಂಡಳಿ. ಆದರೆ ಅದನ್ನು ಸಲ್ಲಿಸಬೇಕಾದದ್ದು ತಿರಸ್ಕರಿಸಿದ ಕಚೇರಿಗೇ, ಅದೂ ಅಮೆರಿಕದಲ್ಲಿರುವ ಅರ್ಜಿದಾರರೇ. ಊರಿನಲ್ಲಿ ಕಾಯುತ್ತಿರುವ ತಮ್ಮನಿಗೋ ತಂಗಿಗೋ ಆ ಹಕ್ಕಿಲ್ಲ. ಗಡುವು ಸಾಮಾನ್ಯವಾಗಿ 30 ದಿನ. ತಿರಸ್ಕಾರ ಪತ್ರದಲ್ಲಿ ಬರೆದದ್ದೇ ಅಂತಿಮ. ಇದರ ಶುಲ್ಕ 2025ರಲ್ಲಿ 110 ಡಾಲರಿನಿಂದ 1,010ಕ್ಕೆ ಏರಿತು.

ನ್ಯಾಯಾಲಯದ ಬಾಗಿಲೂ ಕಿರಿದಾಗುತ್ತಿದೆ. ಸಂಗಾತಿಗೆ ವೀಸಾ ಸಿಗಬೇಕೆಂಬುದು ಪೌರರ ಮೂಲಭೂತ ಹಕ್ಕಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 2024ರ ಜೂನ್‌ನಲ್ಲಿ ಮುನ್ಯೋಸ್ ಪ್ರಕರಣದಲ್ಲಿ ಹೇಳಿತು. ಒಮ್ಮೆ ಮಂಜೂರಾದ ಅರ್ಜಿಯನ್ನು ಸುಳ್ಳು ಮದುವೆಯ ಕಾರಣಕ್ಕೆ ಇಲಾಖೆ ರದ್ದುಪಡಿಸಿದರೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಲಾಗದು ಎಂದು ಅದೇ ಡಿಸೆಂಬರಿನಲ್ಲಿ ಬೌಆರ್ಫಾ ಪ್ರಕರಣದಲ್ಲಿ ತೀರ್ಪಾಯಿತು. ಅರ್ಜಿಯ ತಿರಸ್ಕಾರವನ್ನೇ ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸುವ ದಾರಿ ಮಾತ್ರ ಮುಚ್ಚಿಲ್ಲ. ಸುಳ್ಳು ಮದುವೆಯ ಆರೋಪ ಸಾಬೀತಾಯಿತೆಂದು ದಾಖಲಾದರೆ ಮುಂದೆ ಬೇರೆ ಯಾರು ಅರ್ಜಿ ಹಾಕಿದರೂ ಆ ವ್ಯಕ್ತಿಗೆ ಮಂಜೂರಾಗುವುದಿಲ್ಲ. ಆದ್ದರಿಂದ ಅಂಥ ಆರೋಪವನ್ನು ಎದುರಿಸದೆ ಬಿಡಬಾರದು.

ಇಲ್ಲಿ ನಮ್ಮ ಚರ್ಚುಗಳ ಪಾತ್ರವೂ ಇದೆ. ಹಳೆಯ ತಲೆಮಾರಿನ ಅನೇಕರಿಗೆ ಜನನ ಪ್ರಮಾಣಪತ್ರವಿಲ್ಲ, ಇದ್ದರೂ ತಡವಾಗಿ ನೋಂದಣಿಯಾದದ್ದು. ಅಂಥ ಸಂದರ್ಭದಲ್ಲಿ, ಹುಟ್ಟಿದ ಎರಡು ತಿಂಗಳೊಳಗೆ ದೀಕ್ಷಾಸ್ನಾನವಾಗಿದ್ದರೆ, ಹೆತ್ತವರ ಹೆಸರು, ಹುಟ್ಟಿದ ದಿನ, ಸ್ಥಳ ಮತ್ತು ಚರ್ಚಿನ ಮುದ್ರೆಯಿರುವ ದೀಕ್ಷಾಸ್ನಾನ ಪತ್ರವನ್ನು ಪರ್ಯಾಯ ಪುರಾವೆಯಾಗಿ ಸಲ್ಲಿಸಬಹುದು. ಆದರೆ ಅದನ್ನು ಇಲಾಖೆ ಕೇಳಿದಾಗಲೇ ಕೊಡಬೇಕು. ಆಗ ಕೊಡದೆ ಮೇಲ್ಮನವಿಯ ಹಂತದಲ್ಲಿ ಹೊಸದಾಗಿ ತಂದರೆ ಮಂಡಳಿ ಪರಿಗಣಿಸುವುದಿಲ್ಲ. 1988ರ ಸೋರಿಯಾನೊ ತೀರ್ಮಾನದಿಂದ ಇದೇ ನಿಯಮ.

ಹಾಗಾಗಿ ಚರ್ಚ್ ಕಚೇರಿಯಲ್ಲಿ ಸೇವೆ ಸಲ್ಲಿಸುವವರಲ್ಲಿ ನಮ್ಮ ವಿನಂತಿ: ಇಂಥ ಪತ್ರ ಕೇಳಿ ಬಂದವರನ್ನು ಕಾಯಿಸಬೇಡಿ. ರಿಜಿಸ್ಟರಿನಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆದುಕೊಡಿ. ಹೆಸರಿನ ಕಾಗುಣಿತ ಪಾಸ್‌ಪೋರ್ಟಿಗೆ ಹೊಂದದಿದ್ದರೆ ಪತ್ರವನ್ನು ತಿದ್ದಬೇಡಿ. ವ್ಯತ್ಯಾಸವನ್ನು ಕುಟುಂಬದವರು ಅಫಿಡವಿಟ್ ಮೂಲಕ ವಿವರಿಸಲಿ. ಒಳ್ಳೆಯ ಮನಸ್ಸಿನಿಂದ ತಿದ್ದಿದ ಒಂದು ಅಕ್ಷರವೂ ಅಲ್ಲಿ ವಂಚನೆಯಂತೆ ಕಾಣಬಹುದು.

ಕುಟುಂಬದವರಿಗೆ ಹೇಳುವುದಿಷ್ಟೇ: ತಿರಸ್ಕಾರ ಪತ್ರ ಬಂದ ದಿನವೇ ಅದರ ಕಾರಣವನ್ನೂ ಗಡುವನ್ನೂ ಓದಿ. ಊರಿನ ಏಜೆಂಟರ ಮಾತಿಗಿಂತ ಮೊದಲು ಅಮೆರಿಕದ ವಲಸೆ ವಕೀಲರ ಸಲಹೆ ಪಡೆಯಿರಿ. ಸಾಲಿನಲ್ಲಿ ಕಾದ ವರ್ಷಗಳು ಒಮ್ಮೆ ಕೈತಪ್ಪಿದರೆ ಯಾವ ಶುಲ್ಕ ಕಟ್ಟಿದರೂ ಮರಳಿ ಬಾರವು.