ಜಿಂಕೆಗೂ ಜಾತಿ, ಬೇಟೆಗೂ ಅಂತಸ್ತು

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಆರ್.ಟಿ. ನಗರದ ಅಂಗಡಿಗಳ ಮುಂದೆ ಹತ್ತಿಯ ಹಿಮ, ಕಾಗದದ ನಕ್ಷತ್ರ, ಅವುಗಳ ಪಕ್ಕದಲ್ಲಿ ಗಾಡಿ ಎಳೆಯುವ ಕೊಂಬಿನ ಪ್ರಾಣಿಯ ಗೊಂಬೆ ತೂಗಾಡತೊಡಗುತ್ತವೆ. ಇದೇನು ಪ್ರಾಣಿಯೆಂದು ಮಾರುವವರನ್ನು ಕೇಳಿದರೆ ಜಿಂಕೆ ಎನ್ನುತ್ತಾರೆ. ಕೊಳ್ಳುವವರೂ ಹಾಗೆಯೇ ಎನ್ನುತ್ತಾರೆ. ವ್ಯಾಪಾರಕ್ಕೆ ಅಷ್ಟು ಸಾಕು. ಆದರೆ ಜಿಂಕೆಯನ್ನು ಗುರುತಿಸುವ ಈ ವಿದ್ಯೆಯ ಹಿಂದೆ ಒಂದು ದೊಡ್ಡ ರಾಜಕೀಯವಿದೆ. ಈ ಜಿಂಕೆ ಯಾವುದು ಎಂದು ಕೇಳಿದವರು ಬಹಳ ಕಾಲ ಕೇಳುತ್ತಿದ್ದುದು, ಈ ಜಿಂಕೆ ಯಾರದು ಎಂದು.

ಮೊದಲು ಪ್ರಾಣಿಗಳ ಮಾತು. ಗಾಡಿ ಎಳೆಯುವುದು ಯೂರೋಪಿನ ಉತ್ತರ ತುದಿಯ ಹಿಮಸಾರಂಗ. ಜಿಂಕೆಯ ಕುಲದಲ್ಲೆಲ್ಲ ಹೆಣ್ಣಿಗೂ ಕೊಂಬಿರುವುದು ಇದೊಂದಕ್ಕೆ ಮಾತ್ರ. ಚಳಿಗಾಲ ಹಿಡಿಯುವ ಹೊತ್ತಿಗೆ ಬಲಿತ ಗಂಡುಗಳ ಕೊಂಬು ಉದುರಿಹೋಗುತ್ತದೆ, ಹೆಣ್ಣುಗಳದು ಉಳಿಯುತ್ತದೆ. ಆದ್ದರಿಂದ ಕ್ರಿಸ್ಮಸ್ ಗಾಡಿಯನ್ನು ಎಳೆಯುತ್ತಿರುವವು ಹೆಣ್ಣುಗಳೇ ಇರಬೇಕು. ದುಡಿಮೆ ಹೆಣ್ಣಿನದು, ಹೆಸರು ಗಂಡಿನದು; ಇದು ನಮ್ಮ ಮನೆಗಳಲ್ಲೂ ಹೊಸತಲ್ಲ.

ನಮ್ಮ ಭಾಷೆಯಲ್ಲಿ ಒಂದು ತೊಡಕಿದೆ. ಹಸುವಿಗಿರುವುದಕ್ಕೂ ಕಡವೆಗಿರುವುದಕ್ಕೂ ನಾವು ಕೊಂಬು ಎಂದೇ ಅನ್ನುತ್ತೇವೆ. ಜಿಂಕೆ, ಕಡವೆಗಳ ಕವಲುಗೊಂಬು ಬರೀ ಮೂಳೆ. ಅದು ಬಿದ್ದುಹೋಗಿ ಮತ್ತೆ ಮೊಳೆಯುತ್ತದೆ. ಹಸು, ಆಡುಗಳ ಕೊಂಬು ಬೀಳುವುದಿಲ್ಲ. ರಾಣೆಬೆನ್ನೂರು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗಳ ಬಯಲಿನಲ್ಲಿ ಹಾರಿ ಓಡುವ ಕೃಷ್ಣಮೃಗದ ಸುರುಳಿಗೊಂಬೂ ಬೀಳುವುದಿಲ್ಲ. ಆದ್ದರಿಂದ ಅದನ್ನು ಜಿಂಕೆಯೆಂದು ಕರೆದರೂ ಅದು ಜಿಂಕೆಯ ಕುಲದ್ದಲ್ಲ. ನಾಲ್ಕು ಕೊಂಬಿನ ಕೊಂಡುಕುರಿಯೂ ಅಲ್ಲ.

ಯೂರೋಪಿನ ದೊಡ್ಡ ಹೆಸರಿನ ಪ್ರಾಣಿ ಕೆಂಪು ಜಿಂಕೆ. ಮೈಕಟ್ಟಿನಲ್ಲಿ ನಮ್ಮ ಕಡವೆಯ ಜೊತೆ ನಿಲ್ಲತಕ್ಕದ್ದು. ಆದರೆ ಕಡವೆಯ ಒಂದೊಂದು ಕೊಂಬಿಗೆ ಸಾಮಾನ್ಯವಾಗಿ ಮೂರೇ ಮೊನೆ. ಕೆಂಪು ಜಿಂಕೆಯ ಎರಡೂ ಕೊಂಬು ಸೇರಿ ಹನ್ನೆರಡು, ಅದಕ್ಕೂ ಹೆಚ್ಚು ಮೊನೆ ಇರುವುದುಂಟು. ಫ್ಯಾಲೋ ಎಂಬ ಇನ್ನೊಂದು ಜಿಂಕೆಗೆ ನಮ್ಮ ಚುಕ್ಕೆ ಜಿಂಕೆಯಂತೆಯೇ ಬಿಳಿ ಚುಕ್ಕೆಗಳು. ನೋಡಿದವರು ಎರಡೂ ಒಂದೇ ಎಂದುಕೊಂಡಾರು. ಕೊಂಬು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಫ್ಯಾಲೋ ಗಂಡಿನ ಕೊಂಬು ತುದಿಯಲ್ಲಿ ಅಂಗೈಯಂತೆ ಚಪ್ಪಟೆ, ನಮ್ಮದರ ಕೊಂಬು ಸಪೂರ. ಅದರ ಚುಕ್ಕೆ ಸಾಮಾನ್ಯವಾಗಿ ಚಳಿಗಾಲದಲ್ಲಿ ಮಾಸುತ್ತದೆ, ನಮ್ಮದರ ಚುಕ್ಕೆ ವರ್ಷವಿಡೀ ಇರುತ್ತದೆ. ರೋ ಎಂಬುದು ಪುಟ್ಟದು. ಗಿಡ್ಡ ಕೊಂಬು, ಇಲ್ಲವೇ ಇಲ್ಲವೆನ್ನುವಷ್ಟು ಚಿಕ್ಕ ಬಾಲ, ನಮ್ಮ ಮಲೆನಾಡಿನ ಕಾಡುಕುರಿಯಂತೆ ನಾಯಿಯ ಹಾಗೆ ಬೊಗಳುವ ಸ್ವಭಾವ. ಎಲ್ಲಕ್ಕಿಂತ ಭಾರಿಯಾದದ್ದು ಉತ್ತರದ ಎಲ್ಕ್. ಇದರ ಕೊಂಬೂ ಮೊರದಂತೆ ಅಗಲ.

ಇಷ್ಟಾದರೆ ಪ್ರಾಣಿಶಾಸ್ತ್ರ ಮುಗಿಯಿತು. ಆದರೆ ಜರ್ಮನಿಯ ಬೇಟೆಗಾರರು ಇದರ ಮೇಲೆ ಇನ್ನೊಂದು ಶಾಸ್ತ್ರ ಕಟ್ಟಿದರು. ಅವರಲ್ಲಿ ಕೆಂಪು ಜಿಂಕೆ 'ಮೇಲು ಬೇಟೆ'. ಪುಟ್ಟ ರೋ ಜಿಂಕೆ, ಮೊಲದ ಸಾಲಿನ 'ಕೀಳು ಬೇಟೆ'. ಮೇಲಿನದು ದೊಡ್ಡ ಪ್ರಭುಗಳಿಗೆ ಮೀಸಲು, ಕೀಳಿನದು ಸಣ್ಣಪುಟ್ಟ ಜಮೀನ್ದಾರರಿಗೆ. ಹೊಲ ಮೇಯಿಸಿಕೊಂಡ ರೈತನಿಗೆ ಎರಡೂ ಇಲ್ಲ! ಜಾತಿ ಎಂಬುದು ನಮ್ಮ ದೇಶದ ಸ್ವತ್ತೆಂದು ತಿಳಿದವರು ಇದನ್ನು ಗಮನಿಸಬೇಕು. ಅಲ್ಲಿ ಜಿಂಕೆಗೂ ಜಾತಿ ಅಂಟಿಸಿದ್ದರು. ಇವತ್ತಿಗೂ ಅಲ್ಲಿನ ಬೇಟೆಗಾರ ಕೆಡವಿದ ಪ್ರಾಣಿಯ ಬಾಯಿಗೆ ಒಂದು ಹಸಿರು ಟೊಂಗೆ ಇಟ್ಟು, ಇನ್ನೊಂದನ್ನು ತನ್ನ ಟೋಪಿಗೆ ಸಿಕ್ಕಿಸಿಕೊಳ್ಳುವ ಸಂಪ್ರದಾಯವಿದೆ. ಸತ್ತ ಜಿಂಕೆಗೆ ಕೊನೆಯ ತುತ್ತಂತೆ. ಇದರಲ್ಲಿ ಒಂದು ಮರ್ಯಾದೆ ಇದೆ, ಇಲ್ಲವೆನ್ನಲಾರೆ. ಆದರೆ 1525ರಲ್ಲಿ ಅದೇ ನಾಡಿನ ರೈತರು ದಂಗೆಯೆದ್ದು 12 ಬೇಡಿಕೆಗಳನ್ನು ಮುಂದಿಟ್ಟಾಗ, ಬೇಟೆಯೂ ಮೀನೂ ಬಡವನಿಗೂ ಸೇರಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. ಪ್ರಭುಗಳು ಆ ದಂಗೆಯನ್ನು ರಕ್ತದಲ್ಲಿ ಮುಳುಗಿಸಿದರು. ಜಿಂಕೆಗೆ ದೊರೆತ ಕೊನೆಯ ತುತ್ತು ಆ ರೈತರಿಗೆ ದೊರೆಯಲಿಲ್ಲ.

ಇಂಗ್ಲೆಂಡಿನ ಕಥೆಯೂ ಇದೇ. ದಂಡೆತ್ತಿ ಬಂದು ಗೆದ್ದ ವಿಲಿಯಂ ದೊರೆ 1079ರ ಸುಮಾರಿಗೆ 'ಹೊಸ ಕಾಡು' ಎಂದು ದೊಡ್ಡ ಪ್ರದೇಶವನ್ನೇ ತನ್ನ ಬೇಟೆಗೆ ಬೇಲಿ ಹಾಕಿಸಿದಂತೆ ಮಾಡಿಕೊಂಡ. ಅವನ ಜಿಂಕೆಯನ್ನು ಕೊಂದವನ ಕಣ್ಣು ಕೀಳಿಸುತ್ತಿದ್ದನೆಂದು ಆ ಕಾಲದ ಬಖೈರುಗಳೇ ಹೇಳುತ್ತವೆ. 1217ರ ಅರಣ್ಯ ಸನ್ನದು ಬಂದ ಮೇಲೆ, ಜಿಂಕೆ ಮಾಂಸಕ್ಕಾಗಿ ಇನ್ನು ಯಾರೂ ಪ್ರಾಣವನ್ನಾಗಲಿ ಅಂಗವನ್ನಾಗಲಿ ಕಳೆದುಕೊಳ್ಳಬೇಕಿಲ್ಲ ಎಂದಾಯಿತು. ಸರಿ, ನಾಗರಿಕತೆ ಬಂತು ಎನ್ನೋಣವೇ? 1723ರಲ್ಲಿ ಅದೇ ಇಂಗ್ಲೆಂಡಿನ ಪಾರ್ಲಿಮೆಂಟು, ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಕದಿಯುವವರಿಗೆ ಗಲ್ಲು ಎಂದು ಕಾನೂನು ಮಾಡಿತು. ದೊರೆ ಬಿಟ್ಟದ್ದನ್ನು ಜಮೀನ್ದಾರರ ಸಭೆ ಹಿಡಿದುಕೊಂಡಿತು. ಆ ಮೇಲಿನ ಶತಮಾನದಲ್ಲಿ ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಗೇಣಿದಾರರನ್ನು ಎಬ್ಬಿಸಿ ಕುರಿ ಬಿಟ್ಟರು. ಕುರಿಯ ಲಾಭ ಇಳಿದಾಗ ಅಲ್ಲಿ ಜಿಂಕೆ ಬಿಟ್ಟು ಲಂಡನ್ನಿನ ಸಾಹುಕಾರರಿಗೆ ಬೇಟೆಗೆ ಬಾಡಿಗೆ ಕೊಟ್ಟರು. ಫ್ರಾನ್ಸಿನ ಜನ ಮಾತ್ರ 1789ರ ಆಗಸ್ಟ್ 4ರ ರಾತ್ರಿ ಶ್ರೀಮಂತರ ಇತರ ಸವಲತ್ತುಗಳೊಡನೆ ಬೇಟೆಯ ಹಕ್ಕನ್ನೂ ಕಿತ್ತೆಸೆಯಿಸಿದರು.

ಇನ್ನು ನಮ್ಮ ಮನೆಗೆ ಬರೋಣ. ಆರ್.ಟಿ. ನಗರದಿಂದ ಮೇಖ್ರಿ ವೃತ್ತ ದಾಟಿದರೆ ಬೆಂಗಳೂರು ಅರಮನೆ. ಇಂಗ್ಲೆಂಡಿನ ಅರಮನೆಗಳ ಮಾದರಿಯಲ್ಲಿ ಕಟ್ಟಿದ ಈ ಕಟ್ಟಡವನ್ನು ಮೈಸೂರು ಅರಸರಿಗಾಗಿ 1873ರಲ್ಲಿ ಕೊಂಡದ್ದು. ಟಿಕೆಟ್ಟು ತೆತ್ತು ಒಳಗೆ ಹೋದವರಿಗೆ ಗೋಡೆಯ ಮೇಲೆ ಆನೆಯ ತಲೆ, ಕೆಳಗೆ ಆನೆಯ ಕಾಲಿನಿಂದ ಮಾಡಿದ ಪೀಠ ಕಾಣುತ್ತವೆ. ಮೈಸೂರಿನಲ್ಲಿ ವ್ಯಾನ್ ಇಂಗೆನ್ ಕುಟುಂಬದವರು ಸುಮಾರು ನೂರು ವರ್ಷ ಅರಸರು, ದೊರೆಗಳು ಹೊಡೆದ ಪ್ರಾಣಿಗಳಿಗೆ ಹುಲ್ಲು ತುಂಬಿ ಜೀವ ಬಂದಂತೆ ನಿಲ್ಲಿಸುವ ಕಾರ್ಖಾನೆ ನಡೆಸಿ 1999ರಲ್ಲಿ ಮುಚ್ಚಿದರು. 1901ರಲ್ಲಿ ಮೈಸೂರು ಸಂಸ್ಥಾನ ಬೇಟೆ ಮತ್ತು ಮೀನು ರಕ್ಷಣೆಯ ಕಾಯಿದೆ ತಂದಿತು. 1931ರಲ್ಲಿ ಬಂಡೀಪುರದಲ್ಲಿ ಅಭಯಾರಣ್ಯವಾಯಿತು. ಇವುಗಳಿಂದ ಪ್ರಾಣಿಗಳು ಉಳಿದವು ಎಂಬುದು ನಿಜ. ಅರಸರ ಬಂದೂಕಿಗೆಂದು ಉಳಿಸಿದ್ದು ಎಂಬುದೂ ಅಷ್ಟೇ ನಿಜ. ಮಲೆನಾಡಿನ ಬೇಟೆಯಲ್ಲಾದರೋ ಹಳು ನುಗ್ಗಿ ಕೂಗೆಬ್ಬಿಸುವವರು ಆಳುಗಳು, ದಾರಿ ಕಾದು ಈಡು ಹೊಡೆಯುವವರು ಒಡೆಯರು. ಆದರೂ ಅಲ್ಲಿ ಕೊನೆಗೆ ಮಾಂಸ ಪಾಲಾಗುತ್ತಿತ್ತು, ಓಡಿದ ನಾಯಿಗೂ ಒಂದು ಪಾಲು ಇರುತ್ತಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಬೇಟೆಗೆಲ್ಲ ತೆರೆ ಎಳೆಯಿತು. ನಾನು ಇದನ್ನು ಒಳ್ಳೆಯ ಕಾಯಿದೆ ಎಂದೇ ಹೇಳುವವನು. ಸಮಾಜವಾದಿ ಎಂದ ಮಾತ್ರಕ್ಕೆ ಎಲ್ಲರಿಗೂ ಬಂದೂಕು ಹಂಚಿ ಎನ್ನುವುದಿಲ್ಲ. ಹಾಗೆ ಹಂಚಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಡವೆಯ ಗುರುತು ಹಿಡಿಯಲು ಪುಸ್ತಕವೇ ಗತಿಯಾದೀತು. ಆದರೆ ಕಾಯಿದೆ ಒಂದೇ ಇದ್ದರೂ ಅದರ ಕೈ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುತ್ತಿದೆಯೇ?

1998ರಲ್ಲಿ ರಾಜಸ್ಥಾನದಲ್ಲಿ ಎರಡು ಕೃಷ್ಣಮೃಗಗಳನ್ನು ಕೊಂದ ಮೊಕದ್ದಮೆಯಲ್ಲಿ ಚಿತ್ರನಟ ಸಲ್ಮಾನ್ ಖಾನ್ ಅವರಿಗೆ ಜೋಧಪುರದ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2018ರ ಏಪ್ರಿಲ್‌ನಲ್ಲಿ. ಇಪ್ಪತ್ತು ವರ್ಷ ವಿಚಾರಣೆ, ಐದು ವರ್ಷ ಶಿಕ್ಷೆ, ಎರಡೇ ದಿನದಲ್ಲಿ ಜಾಮೀನು, ಮೇಲ್ಮನವಿ. ನ್ಯಾಯಾಲಯದ ದಾರಿ ಅದು, ಆಕ್ಷೇಪಣೆ ಇಲ್ಲ. ಆ ದಾರಿ ಎಲ್ಲರಿಗೂ ತೆರೆದಿರಬೇಕು ಎಂಬುದೇ ನಮ್ಮ ವಾದ. 2022ರ ಅಕ್ಟೋಬರಿನಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಒಬ್ಬ ಆದಿವಾಸಿಯನ್ನು ಜಿಂಕೆ ಮಾಂಸದ ಆರೋಪದ ಮೇಲೆ ಅರಣ್ಯ ಸಿಬ್ಬಂದಿ ಹಿಡಿದೊಯ್ದರು. ಆತ ಅವರ ವಶದಲ್ಲಿದ್ದಾಗಲೇ ಸತ್ತ. ಸಿಬ್ಬಂದಿಯ ಮೇಲೆ ಮೊಕದ್ದಮೆ ದಾಖಲಾಯಿತು. ಆ ಮಾಂಸ ಇತ್ತೋ ಇಲ್ಲವೋ, ಅದನ್ನು ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುವ ದಿನ ಆತನಿಗೆ ಬರಲಿಲ್ಲ. 1217ರ ಸನ್ನದನ್ನು ಓದಿದವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಕೊಂಬಿನ ವಿಷಯದಲ್ಲೂ ಎರಡು ತಕ್ಕಡಿ. ಕಾಡಿನಲ್ಲಿ ತಾನಾಗಿ ಉದುರಿದ ಕವಲುಗೊಂಬನ್ನು ತಂದು ಮಾರಿದರೂ ಅಪರಾಧವೇ. ದೊಡ್ಡ ಮನೆಗಳ ಗೋಡೆಯ ಮೇಲಿನ ತಲೆಗಳಿಗಾದರೆ 1972ರಲ್ಲೂ ಮತ್ತೆ 2003ರಲ್ಲೂ, ಘೋಷಿಸಿಕೊಳ್ಳಿ, ಒಡೆತನದ ಪತ್ರ ಪಡೆಯಿರಿ ಎಂದು ಅವಕಾಶ ಸಿಕ್ಕಿತು. 2023ರ ಅಕ್ಟೋಬರಿನಲ್ಲಿ ಟೆಲಿವಿಷನ್ ಸ್ಪರ್ಧೆಯಲ್ಲಿದ್ದ ಒಬ್ಬರು ಹುಲಿ ಉಗುರಿನ ಪದಕ ಧರಿಸಿದ್ದಕ್ಕೆ ಬಂಧನವಾಗಿ, ಚಿತ್ರನಟರ ಮನೆಗಳಲ್ಲೂ ಶೋಧ ನಡೆದ ಮೇಲೆ, 2024ರ ಆರಂಭದಲ್ಲಿ ನಮ್ಮ ರಾಜ್ಯ ಸರ್ಕಾರ ಇಂಥವನ್ನು ಒಪ್ಪಿಸಲು ಮೂರು ತಿಂಗಳ ಗಡುವು ಕೊಟ್ಟಿತು. ದೊಡ್ಡವರ ಬಾಗಿಲಿಗೆ ಬಿಸಿ ತಟ್ಟಿದಾಗ ಗಡುವು ಹುಟ್ಟುತ್ತದೆ.

ಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗದ ಮುಂದೆ ನಿಂತವರಿಗೆ ಕಾಡಿನ ಗೊಡವೆ ಏಕೆಂದು ಕೆಲವರು ಕೇಳಿಯಾರು. ಮಲ್ಲೇಶ್ವರದ ಬಳಿ ರಾಜಾ ಮಿಲ್ಲಿನ ಜಾಗದಲ್ಲಿ ಇಂದು ಏನಿದೆ? ಮಾಲ್ ಇದೆ. ದುಡಿದವರು ಹೊರಗೆ, ವಿಹಾರಕ್ಕೆ ಬರುವವರು ಒಳಗೆ. ಕಬಿನಿಯ ದಂಡೆಯ ಕಾರಾಪುರದಲ್ಲಿ ಅರಸರ ಬೇಟೆ ಬಂಗಲೆ ಸರ್ಕಾರದ್ದೇ ಸಂಸ್ಥೆಯ ವಿಹಾರಧಾಮವಾಗಿದೆ. ಬಂದೂಕಿನ ಬದಲು ಕ್ಯಾಮರಾ, ಸಂತೋಷ. ಆದರೆ ಅದೇ ಸೀಮೆಯ ನಾಗರಹೊಳೆಯಿಂದ ದಶಕಗಳ ಹಿಂದೆ ಎಬ್ಬಿಸಲ್ಪಟ್ಟ ಜೇನುಕುರುಬರಲ್ಲಿ ಐವತ್ತರಷ್ಟು ಕುಟುಂಬಗಳು 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ನೆಲಕ್ಕೆ ತಾವಾಗಿಯೇ ಹಿಂದಿರುಗಿ ಗುಡಿಸಲು ಹಾಕಿದಾಗ, ಅವರನ್ನು ತಡೆಯಲು ಸಿಬ್ಬಂದಿ ನೆರೆಯಿತು. 2006ರ ಅರಣ್ಯ ಹಕ್ಕು ಕಾಯಿದೆ ಹಕ್ಕುಪತ್ರ ಕೇಳುವ ಅಧಿಕಾರ ಕೊಟ್ಟಿದೆಯಲ್ಲ, ಅದನ್ನೇ ಅವರು ಕೇಳಿದ್ದು.

ಹಿಮಸಾರಂಗ ಸಾಕುವ ನಾರ್ವೆಯ ಸಾಮಿ ಜನರದೂ ಇದೇ ಗೋಳು. ಅವರ ಮೇವಿನ ನೆಲದಲ್ಲಿ ಗಾಳಿಯಂತ್ರ ನೆಟ್ಟದ್ದು ಹಕ್ಕಿನ ಉಲ್ಲಂಘನೆ ಎಂದು 2021ರ ಅಕ್ಟೋಬರಿನಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಲಯವೇ ತೀರ್ಪಿತ್ತಿತು. ಯಂತ್ರಗಳು ತಿರುಗುತ್ತಲೇ ಇದ್ದವು. ಐನೂರು ದಿನ ಕಾದು 2023ರ ಫೆಬ್ರವರಿಯಲ್ಲಿ ಸಾಮಿ ತರುಣ ತರುಣಿಯರು ಮಂತ್ರಾಲಯದ ಒಳಗೇ ಧರಣಿ ಕೂತ ಮೇಲೆ ಸರ್ಕಾರ ಕ್ಷಮೆ ಕೇಳಿತು. ಶ್ರೀಮಂತ ದೇಶದ ಶಿಷ್ಟ ಸರ್ಕಾರಕ್ಕೇ ಅಷ್ಟು ಒತ್ತಡ ಬೇಕಾಯಿತು ಎಂದರೆ ನಮ್ಮ ವಿಧಾನಸೌಧಕ್ಕೆ ಎಷ್ಟು ಬೇಕು, ಲೆಕ್ಕ ಹಾಕಿರಿ.

ನಾಗರಹೊಳೆಯ ಹಕ್ಕಿನ ಅರ್ಜಿಗಳನ್ನು ಗ್ರಾಮಸಭೆಯ ಮುಂದೆ ತಂದು ಅವಧಿ ಹಾಕಿ ಇತ್ಯರ್ಥ ಮಾಡಬೇಕು. ಮಾಂಸದ ಆರೋಪದ ಮೇಲೆ ಹಿಡಿದವರನ್ನು ಅರಣ್ಯ ಕಚೇರಿಯ ಕೋಣೆಯಲ್ಲಿ ಕೂಡಿಹಾಕದೆ ನೇರವಾಗಿ ನ್ಯಾಯಾಲಯಕ್ಕೆ ಒಯ್ಯಬೇಕು. ವಶದಲ್ಲಿದ್ದಾಗ ಸತ್ತವರ ಒಂದೊಂದು ಪ್ರಕರಣದ ವರದಿಯೂ ಶಾಸನಸಭೆಯಲ್ಲಿ ಮಂಡನೆಯಾಗಬೇಕು. ಬಂಗಲೆಗಳ ಗೋಡೆಯ ಮೇಲೆ ಧೂಳು ತಿನ್ನುತ್ತಿರುವ ಕವಲುಗೊಂಬುಗಳನ್ನು ಸರ್ಕಾರಿ ಶಾಲೆಗಳಿಗೆ ಕೊಡಿಸುವಂತೆ ಕಾಯಿದೆಯಲ್ಲಿ ದಾರಿ ಮಾಡಬೇಕು. ಕಡವೆಗೆ ಎಷ್ಟು ಮೊನೆ ಎಂಬುದನ್ನು ನಮ್ಮ ಮಕ್ಕಳು ಕೈಯಿಂದ ಮುಟ್ಟಿ ಎಣಿಸಲಿ.